ಅತ್ತಿಯ ಆಸಂದಿಯೂ ತೊಗಲಿನ ಕುರ್ಚಿಯೂ: ಶ್ರೀರಂಗಪಟ್ಟಣದ ಸೀಮೆಯ ಆಸನಗಳ ವಿಚಾರ

ನಾಲ್ಕು ಕಾಲುಗಳ ಮರದ ಚೌಕಟ್ಟು, ಅದರ ಮೇಲೆ ಬಿಗಿದ ತೊಗಲು, ಬೆನ್ನಿಗೂ ತೋಳಿಗೂ ಒಂದಾಗಿ ಬಾಗಿಬಂದ ಒಂದು ಪಟ್ಟಿ: ಇಷ್ಟರಿಂದಲೇ ಆದ ಕುರ್ಚಿಯೊಂದು ಕಳೆದ ಶತಮಾನದ ನಡುಭಾಗದಲ್ಲಿ ಡೆನ್ಮಾರ್ಕ್ ದೇಶದಿಂದ ಹೊರಟು ಲೋಕದ ನಾನಾ ಭಾಗಗಳಲ್ಲಿ ಹೆಸರನ್ನು ಪಡೆಯಿತು. 1949ರಲ್ಲಿ ಹಾನ್ಸ್ ವೆಗ್ನರ್ ಎಂಬಾತನು ಇದನ್ನು ಕಲ್ಪಿಸಿದನು. ಕೋಪನ್‌ಹೇಗನ್ ನಗರದ ಯೊಹಾನೆಸ್ ಹಾನ್ಸೆನ್ ಎಂಬ ಮರಗೆಲಸದವನ ಕಾರ್ಖಾನೆಯಲ್ಲಿ ಇದು ಸಿದ್ಧವಾಯಿತು. ಬೆತ್ತದ ಹೆಣಿಗೆಯುಳ್ಳದ್ದೊಂದು, ತೊಗಲಿನ ಹೊದಿಕೆಯುಳ್ಳದ್ದೊಂದು, ಹೀಗೆ ಎರಡು ಬಗೆಯಲ್ಲಿ ಇದನ್ನು ಮಾಡಿದರು. 1960ರಲ್ಲಿ ಅಮೆರಿಕೆಯ ಅಧ್ಯಕ್ಷಪದವಿಗೆ ನಿಂತಿದ್ದ ಕೆನಡಿ, ನಿಕ್ಸನ್ ಎಂಬಿಬ್ಬರು ದೂರದರ್ಶನದಲ್ಲಿ ವಾದಮಾಡಿದಾಗ ಅವರಿಗಾಗಿ ಹಾಕಿದ್ದ ಆಸನಗಳು ಇವೇ. ಊಟದ ಮೇಜಿನ ಸುತ್ತ ಹಾಕತಕ್ಕ ಇಂತಹ ಕುರ್ಚಿಗಳನ್ನು ಕಂಡವರು ಇವು ನಮ್ಮ ದೇಶಕ್ಕೆ ಎಲ್ಲ ವಿಧದಲ್ಲಿಯೂ ಹೊರಗಿನವೆಂದೂ, ಕನ್ನಡಿಗರಿಗೆ ಮಣೆಯೂ ಚಾಪೆಯೂ ಮಾತ್ರ ಸ್ವಂತವೆಂದೂ, ಮರಕ್ಕೆ ತೊಗಲನ್ನು ಬಿಗಿದು ಕೂರುವುದು ಪರದೇಶದವರಿಂದ ಬಂದ ರೂಢಿಯೆಂದೂ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ನಿರ್ಣಯಿಸಲು ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳಷ್ಟು ಅನುಕೂಲವಾದ ಪ್ರದೇಶವು ಮತ್ತೊಂದಿಲ್ಲ. ಏಕೆಂದರೆ ಎರಡು ರಾಜಾಸನಗಳ ಚರಿತ್ರೆಯು ಈ ಸೀಮೆಯಲ್ಲಿಯೇ ಒಂದನ್ನೊಂದು ಸಂಧಿಸುತ್ತದೆ. ಒಂದು ಉಳಿಯಿತು, ಮತ್ತೊಂದು ಸುತ್ತಿಗೆಯ ಪೆಟ್ಟಿಗೆ ತುಂಡಾಯಿತು.

ಮೊದಲು ಪ್ರಾಚೀನವಾದ ಆಧಾರವನ್ನು ನೋಡಬೇಕು. ಐತರೇಯ ಬ್ರಾಹ್ಮಣದ ಎಂಟನೆಯ ಪಂಚಿಕೆಯಲ್ಲಿ ಅರಸನ ಪುನರಭಿಷೇಕವನ್ನು ಹೇಳುವ ಸಂದರ್ಭದಲ್ಲಿ ಆತನು ಏರಬೇಕಾದ ಆಸಂದಿಯ ಲಕ್ಷಣವು ಸ್ಪಷ್ಟವಾಗಿ ಬಂದಿದೆ. ಅದು ಉದುಂಬರದ, ಎಂದರೆ ಅತ್ತಿಯ ಮರದ್ದಾಗಿರಬೇಕು. ಅದರ ಕಾಲುಗಳು ಒಂದು ಪ್ರಾದೇಶದಷ್ಟು, ಎಂದರೆ ಹೆಬ್ಬೆರಳು ತೋರುಬೆರಳುಗಳನ್ನು ಚಾಚಿದಾಗ ಆಗುವ ಚೋಟಿನಷ್ಟು ಎತ್ತರವಿರಬೇಕು. ಸುತ್ತಲಿನ ಅಡ್ಡಪಟ್ಟಿಗಳು ಒಂದೊಂದು ಅರತ್ನಿ, ಎಂದರೆ ಮೊಳದ ಅಳತೆಯವು. ಕೂರುವ ಭಾಗವನ್ನು ಮುಂಜದ ಹುಲ್ಲಿನ ಹುರಿಯಿಂದ ಹೆಣೆಯಬೇಕು. ಅದರ ಮೇಲೆ ಹುಲಿಯ ಚರ್ಮವನ್ನು ಹಾಸಬೇಕು. ಮರದ ಚೌಕಟ್ಟು, ಹುರಿಯ ಹೆಣಿಗೆ, ಮೇಲೆ ತೊಗಲು: ಈ ಮೂರು ಅಂಗಗಳನ್ನೂ ಡೆನ್ಮಾರ್ಕಿನ ಕುರ್ಚಿಯ ಅಂಗಗಳೊಡನೆ ಹೋಲಿಸಿ ನೋಡಿದರೆ ಆಶ್ಚರ್ಯವಾಗದೆ ಇರದು. ಆ ದೇಶದವರು ಹುಲ್ಲಿಗೆ ಬದಲಾಗಿ ಹೊಸೆದ ಕಾಗದದ ಹುರಿಯಿಂದ ಹೆಣೆಯುವುದೂ ಉಂಟು. ಒಂದು ಇನ್ನೊಂದರಿಂದ ಹುಟ್ಟಿತೆಂದು ಇದರಿಂದ ಹೇಳಲಾಗದು. ಹಗುರವಾದ ಮರದ ಚೌಕಟ್ಟಿಗೆ ಬಾಗುವ ವಸ್ತುವನ್ನು ಬಿಗಿದರೆ ಕೂರುವವನ ಭಾರವು ಸಮನಾಗಿ ಹರಡಿಕೊಳ್ಳುವುದೆಂಬ ವಿಷಯವನ್ನು ಕಂಡುಕೊಳ್ಳಲು ಯಾವ ದೇಶದವರಿಗೂ ಗುರುವು ಬೇಕಾಗಿಲ್ಲ. ಆದರೆ ಈ ಕಲ್ಪನೆಯು ಹೊರಗಿನಿಂದ ಬಂದುದೆಂಬ ವಾದವಂತೂ ಇಲ್ಲಿಗೇ ಬಿದ್ದುಹೋಗುತ್ತದೆ.

ಅತ್ತಿಯ ಮರದ ಮಾತು ಬಂದುದರಿಂದ ಒಂದು ವಿಷಯವನ್ನು ಜ್ಞಾಪಿಸಬಹುದು. ಕೃಷ್ಣರಾಜಪೇಟೆಯ ತಾಲ್ಲೂಕಿಗೆ 1891ರವರೆಗೆ ಇದ್ದ ಹೆಸರು ಅತ್ತಿಕುಪ್ಪೆ. ಊರಿನ ಹೆಸರಿಗೂ ಅರಸರ ಆಸನಕ್ಕೂ ಸಂಬಂಧವನ್ನು ಕಟ್ಟುವುದು ಸಾಹಸವಾದೀತು. ಆದರೆ ಯಾಗಶಾಲೆಯಲ್ಲಿ ಪವಿತ್ರವೆನಿಸಿದ ಮರವು ಈ ಸೀಮೆಯ ಕೆರೆಯ ಏರಿಗಳಲ್ಲಿಯೂ ಹಳ್ಳದ ದಡಗಳಲ್ಲಿಯೂ ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಮರವೇ ಎಂಬುದನ್ನು ಮರೆಯಬಾರದು. ಬಡಗಿಯ ದೃಷ್ಟಿಯಿಂದ ಅತ್ತಿಯು ಉತ್ತಮವಾದ ಮರವಲ್ಲ. ತೇಗದ ಬಾಳಿಕೆಯಾಗಲಿ ಬೀಟೆಯ ಗಟ್ಟಿತನವಾಗಲಿ ಅದಕ್ಕಿಲ್ಲ. ಅದನ್ನು ಆರಿಸಿದ್ದು ಶಾಸ್ತ್ರವೇ ಹೊರತು ಉಳಿಯಲ್ಲ.

ಮೈಸೂರು ಅರಸರ ಸಿಂಹಾಸನದ ವಿಷಯದಲ್ಲಿ ಈ ಅಂಶವು ಮುಖ್ಯವಾಗುತ್ತದೆ. ಆ ಸಿಂಹಾಸನವು ಪಾಂಡವರದೆಂದೂ, ಹಸ್ತಿನಾವತಿಯಿಂದ ಬಂದು ಪೆನುಗೊಂಡೆಯಲ್ಲಿ ಹೂತಿದ್ದಿತೆಂದೂ, ವಿಜಯನಗರದ ಹರಿಹರರಾಯನಿಗೆ ಅದರ ನೆಲೆಯನ್ನು ತೋರಿಸಿಕೊಟ್ಟರೆಂದೂ, ಬಳಿಕ ಶ್ರೀರಂಗಪಟ್ಟಣದ ಪ್ರತಿನಿಧಿಗಳ ವಶಕ್ಕೆ ಬಂದು 1610ರಲ್ಲಿ ಆ ಪಟ್ಟಣವು ರಾಜ ಒಡೆಯರಿಗೆ ಸೇರಿದಾಗ ಅವರದಾಯಿತೆಂದೂ ಐತಿಹ್ಯವಿದೆ. ಎರಡನೆಯ ಕಥೆಯ ಪ್ರಕಾರ ಚಿಕ್ಕದೇವರಾಜ ಒಡೆಯರು 1699ರಲ್ಲಿ ಔರಂಗಜೇಬನ ಬಳಿಗೆ ರಾಯಭಾರವನ್ನು ಕಳುಹಿಸಲಾಗಿ, 1700ರಲ್ಲಿ ಹಿಂದಿರುಗಿದ ರಾಯಭಾರಿಗಳು ಜಗದೇವರಾಜನೆಂಬ ಬಿರುದಿನ ಮುದ್ರೆಯನ್ನೂ ದಂತದ ಸಿಂಹಾಸನದಲ್ಲಿ ಕೂರುವ ಅಧಿಕಾರವನ್ನೂ ತಂದರು. ಈ ಎರಡು ಕಥೆಗಳೂ ಪರಸ್ಪರ ಹೊಂದುವುದಿಲ್ಲ. ಮೊದಲನೆಯದರಲ್ಲಿ ಧರ್ಮರಾಯನ ಹೆಸರಿನಿಂದಲೂ ಎರಡನೆಯದರಲ್ಲಿ ಡೆಲ್ಲಿಯ ಬಾದಷಹನ ಹೆಸರಿನಿಂದಲೂ ಅರಸುತನಕ್ಕೆ ಬಲವನ್ನು ಪಡೆಯುವ ಪ್ರಯತ್ನವು ಕಾಣುತ್ತದೆ. ಹಿರೋಡೆಗೆ ಪಾಂಡವಪುರವೆಂದೂ, ಅದರ ಪಕ್ಕದ ಬೆಟ್ಟಕ್ಕೆ ಕುಂತಿಯ ಬೆಟ್ಟವೆಂದೂ ಹೆಸರು ಬಂದಿರುವ ಸೀಮೆಯಲ್ಲಿ ಮೊದಲನೆಯ ಕಥೆಯು ಹೆಚ್ಚು ಪ್ರೀತಿಪಾತ್ರವಾದುದು ಸಹಜವೇ.

ಐತಿಹ್ಯವನ್ನು ಬಿಟ್ಟು ವಸ್ತುವನ್ನು ನೋಡೋಣ. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನೂ, ಆತನ ಬಳಿಕ ಗೆಜೆಟಿಯರನ್ನು ಬರೆದ ಲೂಯಿ ರೈಸ್ ಮಹಾಶಯರೂ ಕೊಡುವ ವೃತ್ತಾಂತವು ಹೀಗಿದೆ: 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುಸುಲ್ತಾನನ ಅರಮನೆಯ ಹಾಳುಮೂಳು ಸಾಮಾನುಗಳ ಕೋಣೆಯೊಂದರಲ್ಲಿ ಹಳೆಯ ಸಿಂಹಾಸನವು ದೊರೆಯಿತು. ಅದರ ಒಡಲು ಅತ್ತಿಯ ಮರದ್ದು. ಮೇಲಿನ ಹೊದಿಕೆಯು ಆನೆಯ ದಂತದ್ದು. ಅದೇ ವರ್ಷದ ಜೂನ್ 30ರಲ್ಲಿ ಮೈಸೂರಿನಲ್ಲಿ ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗ, ಜನರಲ್ ಹ್ಯಾರಿಸನು ಒಂದು ಕೈಯನ್ನೂ ನಿಜಾಮನ ಕಡೆಯ ಮೀರ್ ಆಲಮನು ಮತ್ತೊಂದು ಕೈಯನ್ನೂ ಹಿಡಿದು ಅವರನ್ನು ಆಸನದಲ್ಲಿ ಕುಳ್ಳಿರಿಸಿದರು. ತರುವಾಯ ದಂತದ ಮೇಲೆ ದೇವತಾಮೂರ್ತಿಗಳುಳ್ಳ ಚಿನ್ನಬೆಳ್ಳಿಯ ತಗಡುಗಳು ಬಂದುವು. ಇಂದು ನೋಡುವವರ ಕಣ್ಣಿಗೆ ಕಾಣುವುದು ಚಿನ್ನ. ಅದರ ಒಳಗೆ ದಂತ. ಅದಕ್ಕೂ ಒಳಗೆ ಅತ್ತಿ. ಐತರೇಯ ಬ್ರಾಹ್ಮಣವು ಹೇಳಿದ ಮರವು ಎರಡು ಪದರಗಳ ಅಡಿಯಲ್ಲಿ ಉಳಿದುಕೊಂಡು ಬಂದಿದೆ. ಪಾಂಡವರ ಹೆಸರನ್ನಾಗಲಿ ಬಾದಷಹನ ಹೆಸರನ್ನಾಗಲಿ ನಂಬುವುದಕ್ಕಿಂತ ಈ ಮರವನ್ನು ನಂಬುವುದು ಮೇಲು. ಶಾಸ್ತ್ರವನ್ನು ಬಲ್ಲ ಪುರೋಹಿತನ ಮಾತನ್ನು ಕೇಳಿ ಕೆಲಸಮಾಡಿದ ಬಡಗಿಯೊಬ್ಬನಿದ್ದನೆಂಬುದಕ್ಕೆ ಅದೇ ಸಾಕ್ಷಿ. ಮೊಗಲರ ಕಾರ್ಖಾನೆಯಲ್ಲಿ ಅತ್ತಿಯನ್ನೇ ಹುಡುಕಿ ತಂದು ಆಸನವನ್ನು ಮಾಡಿದರೆಂಬುದು ನಂಬಲು ಕಷ್ಟವಾದ ಮಾತು.

ಈ ಸಿಂಹಾಸನದ ಇನ್ನೊಂದು ಗುಣವನ್ನು ಬರೆದವರು ಅಷ್ಟಾಗಿ ಗಮನಿಸಿಲ್ಲ. ಇದು ಬಿಡಿಬಿಡಿಯಾದ ಭಾಗಗಳಿಂದ ಆದುದು. ವರ್ಷದ ಹೆಚ್ಚಿನ ಕಾಲ ಈ ಭಾಗಗಳು ಮೈಸೂರು ಅರಮನೆಯ ಭದ್ರವಾದ ಕೋಣೆಯಲ್ಲಿರುತ್ತವೆ. ನವರಾತ್ರಿಯು ಸಮೀಪಿಸಿದಾಗ ಗೆಜ್ಜಗಳ್ಳಿಯ ಗ್ರಾಮಸ್ಥರು ಬಂದು ಇವನ್ನು ಜೋಡಿಸುತ್ತಾರೆ, ಹಬ್ಬವು ಮುಗಿದ ಬಳಿಕ ಬಿಚ್ಚುತ್ತಾರೆ. ಅರಸನು ಬೀಡುಬಿಟ್ಟಲ್ಲಿ ಆಸನವೂ ಬೀಡುಬಿಡಬೇಕಾಗಿದ್ದ ಕಾಲದ ಗುರುತು ಇದರಲ್ಲಿದೆಯೆಂದು ಊಹಿಸಬಹುದಾಗಿದೆ. ಬಿಚ್ಚಿ ಕಟ್ಟುವ ಈ ಗುಣವು ಮುಂದೆ ಮತ್ತೊಂದು ಸಂದರ್ಭದಲ್ಲಿ ಕಾಣಿಸಿಕೊಳ್ಳುವುದು.

ಹೈದರಾಲಿಯ ಕಾಲಕ್ಕೆ ಬಂದರೆ ಶ್ರೀರಂಗಪಟ್ಟಣದ ಅರಮನೆಯೊಳಗಿನ ಕೂಡುವ ರೀತಿಯನ್ನು ಕಣ್ಣಾರೆ ಕಂಡವನೊಬ್ಬನ ಬರಹವು ಸಿಕ್ಕುತ್ತದೆ. ಈತನು ಕ್ರಿಸ್ಟಿಯನ್ ಫ್ರೀಡ್ರಿಕ್ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ. ಡೆನ್ಮಾರ್ಕಿನವರು ತಂಜಾವೂರಿನ ರಘುನಾಥನಾಯಕನಿಂದ 1620ರಲ್ಲಿ ಪಡೆದು 1845ರವರೆಗೆ ಇಟ್ಟುಕೊಂಡಿದ್ದ ತರಂಗಂಬಾಡಿಗೆ ಈತನು 1750ರಲ್ಲಿ ಅಲ್ಲಿಯ ಮಿಷನ್ನಿನವನಾಗಿ ಬಂದನು. 1779ರಲ್ಲಿ ಮದರಾಸಿನ ಸರ್ಕಾರದವರು ಹೈದರನ ಮನಸ್ಸನ್ನು ತಿಳಿದು ಬರುವುದಕ್ಕಾಗಿ ಇವನನ್ನೇ ಶ್ರೀರಂಗಪಟ್ಟಣಕ್ಕೆ ಕಳುಹಿಸಿದರು. ಹೈದರನು ಈ ಅತಿಥಿಯನ್ನು ತನ್ನ ಪಕ್ಕದಲ್ಲಿಯೇ ಕುಳ್ಳಿರಿಸಿಕೊಂಡನೆಂದೂ, ನೆಲಕ್ಕೆ ಬಹು ಸೊಗಸಾದ ರತ್ನಗಂಬಳಿಯನ್ನು ಹಾಸಿದ್ದರೆಂದೂ ಶ್ವಾರ್ಟ್ಸನು ಬರೆದಿದ್ದಾನೆ. ಸೀಮೆಯ ಸರ್ವಾಧಿಕಾರಿಯಾಗಿದ್ದವನು ಸಿಂಹಾಸನವನ್ನೂ ಬಯಸಲಿಲ್ಲ, ಕುರ್ಚಿಯನ್ನೂ ಬಯಸಲಿಲ್ಲ. ನೆಲದ ಮೇಲೆ ಕುಳಿತನು. ಒಡೆಯರ ಹೆಸರಿನಲ್ಲಿ ರಾಜ್ಯವಾಳುತ್ತಿದ್ದವನಿಗೆ ಇದು ಜಾಣತನವೂ ಆಗಿತ್ತು. ಕುರ್ಚಿಗೆ ಅಭ್ಯಾಸವಾದ ದೇಶದಿಂದ ಬಂದ ಅತಿಥಿಯು ಕೂಡ ಆ ದಿನ ಮಂಡಿಯನ್ನು ಮಡಿಸಬೇಕಾಯಿತು. ಆಸನದ ಎತ್ತರವನ್ನು ನಿರ್ಣಯಿಸುವ ಅಧಿಕಾರವು ಇನ್ನೂ ಮನೆಯ ಯಜಮಾನನ ಕೈಯಲ್ಲಿತ್ತು.

ಮಗನ ರೀತಿ ಬೇರೆಯಾಯಿತು. ಟಿಪ್ಪುಸುಲ್ತಾನನು ಒಡೆಯರ ಆಸನವನ್ನು ಕೋಣೆಗೆ ತಳ್ಳಿ ತನಗೊಂದು ಹೊಸ ಸಿಂಹಾಸನವನ್ನು ಮಾಡಿಸಿದನು. ಇದನ್ನು ಕಂಡ ಕ್ಯಾಪ್ಟನ್ ಮೇರಿಯಟ್ಟನ ಬರಹದ ಆಧಾರದಿಂದ ಅನ್ನಾ ಟೊನೆಲ್ಲಿ ಎಂಬ ಚಿತ್ರಗಾರ್ತಿಯು ಬರೆದ ಚಿತ್ರವೊಂದು ಉಳಿದಿದೆ. ಆನೆಯ ಮೇಲಣ ಅಂಬಾರಿಯಂತೆ ಎಂಟು ಮೂಲೆಗಳುಳ್ಳ ಒಂದು ವೇದಿಕೆ. ಅದನ್ನು ಹೊತ್ತು ನಿಂತ ಹುಲಿ. ಕಟಾಂಜನದ ಮೇಲೆ ರತ್ನಗಳನ್ನು ಕೂರಿಸಿದ ಸಣ್ಣ ಹುಲಿತಲೆಗಳು. ಹತ್ತುವುದಕ್ಕೆ ಬೆಳ್ಳಿಯ ಮೆಟ್ಟಿಲುಗಳು. ಮೇಲೆ ಮುತ್ತಿನ ಜಾಲರಿಯ ಛತ್ರ, ಅದರ ತುದಿಯಲ್ಲಿ ಹುಮಾ ಎಂಬ ಹಕ್ಕಿ. ಒಡಲೆಲ್ಲ ಮರ, ಮರದ ಮೇಲೆ ಚಿನ್ನದ ತಗಡು. ಇಂಗ್ಲೀಷರನ್ನು ಗೆದ್ದ ಹೊರತು ಇದನ್ನು ಏರುವುದಿಲ್ಲವೆಂದು ಸುಲ್ತಾನನು ಶಪಥಮಾಡಿದ್ದನೆಂದು ಹೇಳಿಕೆಯಿದೆ. 1799ನೆಯ ಮೇ 4ರಂದು ಪಟ್ಟಣವು ಬಿದ್ದಿತು, ಸುಲ್ತಾನನು ಮಡಿದನು. ಕೊಳ್ಳೆಯನ್ನು ಸೈನ್ಯಕ್ಕೆ ಹಂಚಬೇಕಾಗಿದ್ದ ಅಧಿಕಾರಿಗಳು ಸಿಂಹಾಸನವನ್ನು ತುಂಡುತುಂಡಾಗಿ ಒಡೆಯಿಸಿ ಚಿನ್ನವನ್ನು ಪಾಲುಮಾಡಿದರು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಇದನ್ನು ಕೇಳಿ ನೊಂದುಕೊಂಡನು. ಇಡಿಯ ಸಿಂಹಾಸನವನ್ನು ತನ್ನ ದೊರೆಗೆ ಕಳುಹಿಸಬೇಕೆಂಬುದು ಅವನ ಇಚ್ಛೆಯಾಗಿತ್ತು. ಉಳಿದುದರಲ್ಲಿ ಹುಮಾ ಹಕ್ಕಿಯೂ, ಸ್ಫಟಿಕದ ಕಣ್ಣು ಹಲ್ಲುಗಳುಳ್ಳ ದೊಡ್ಡ ಹುಲಿತಲೆಯೂ ಇಂಗ್ಲೆಂಡಿನ ದೊರೆಗಳ ಸಂಗ್ರಹಕ್ಕೆ ಸೇರಿದುವು. ಸಣ್ಣ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಒಂದು 2009ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮಾರಾಟವಾಯಿತು. 15 ಲಕ್ಷ ಪೌಂಡು ಬೆಲೆಕಟ್ಟಿದ ಮತ್ತೊಂದು ದೇಶವನ್ನು ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರದವರು ತಾತ್ಕಾಲಿಕವಾದ ತಡೆಯನ್ನು ಹಾಕಿದರು.

ಇಲ್ಲಿ ವಿಚಾರಮಾಡತಕ್ಕ ಅಂಶವೊಂದಿದೆ. ಇದೇ ಅರಮನೆಯಲ್ಲಿ ಸಿಕ್ಕಿದ ಇನ್ನೊಂದು ಹುಲಿಯು, ಸಿಪಾಯಿಯ ಮೇಲೆ ಬಿದ್ದು ಗರ್ಜಿಸುವ ಯಂತ್ರದ ಹುಲಿಯು, ಇಡಿಯಾಗಿ ಉಳಿಯಿತು. 1808ರಿಂದ ಲಂಡನ್ನಿನಲ್ಲಿ ಕಂಪೆನಿಯವರ ಭವನದಲ್ಲಿ ಅದನ್ನು ಪ್ರದರ್ಶಿಸಿದರು. 1880ರಿಂದ ಅದು ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರಿನ ಸಂಗ್ರಹಾಲಯದಲ್ಲಿದೆ. ಅದು ಉಳಿದುದೇಕೆ? ಬಣ್ಣಬಳಿದ ಬರಿಯ ಮರವಾದುದರಿಂದ. ಒಡೆದರೆ ಹಂಚಲು ಅದರಲ್ಲಿ ಏನೂ ಇರಲಿಲ್ಲ. ಒಡೆಯರ ಆಸನವು ಉಳಿದುದೂ ಇದೇ ಕಾರಣದಿಂದ. ಟಿಪ್ಪುವಿನ ಕಾಲಕ್ಕೆ ಅದರ ಮೇಲೆ ಚಿನ್ನವಿರಲಿಲ್ಲ. ಕೊಳ್ಳೆಯ ಪಾಲನ್ನು ಎಣಿಸುವವರ ಕಣ್ಣಿಗೆ ಮರವೆಂಬುದು ಲೋಹವನ್ನು ಹಿಡಿದುಕೊಂಡಿರುವ ಕಸ. ಹುಲಿಯ ಸಿಂಹಾಸನದ ಕೀಲುಗಳನ್ನು ಹೇಗೆ ಕೂಡಿಸಿದ್ದರು, ಎಂಟು ಮೂಲೆಗಳ ಭಾರವನ್ನು ಒಂದು ಹುಲಿಯ ಬೆನ್ನಿಗೆ ಹೇಗೆ ಇಳಿಸಿದ್ದರು ಎಂಬ ಬಡಗಿಯ ವಿದ್ಯೆಯು ಆ ಕಸದೊಡನೆಯೇ ಹೋಯಿತು. ಚಿನ್ನದ ಒಂದೊಂದು ತುಂಡಿಗೂ ಇಂದು ಲಕ್ಷಗಟ್ಟಲೆ ಬೆಲೆಯನ್ನು ಕೊಡುತ್ತಾರೆ. ನಷ್ಟವಾದುದರಲ್ಲಿ ದೊಡ್ಡದು ಅದಲ್ಲ.

ಪ್ರಸಿದ್ಧವಾದ ಸಿಂಹಾಸನವು ಹೀಗೆ ಹೋದ ಮೇಲೆ ಅದರ ಕೀರ್ತಿಯನ್ನು ಬೇರೆ ಆಸನಗಳಿಗೆ ಹಚ್ಚುವ ಅಭ್ಯಾಸವು ಬೆಳೆಯಿತು. ಲಂಡನ್ನಿನಲ್ಲಿ ಸರ್ ಜಾನ್ ಸೋನ್ ಎಂಬ ಶಿಲ್ಪಿಯ ಸಂಗ್ರಹಾಲಯದಲ್ಲಿ ದಂತದ ಕುರ್ಚಿಗಳಿವೆ. ಇವು ಶ್ರೀರಂಗಪಟ್ಟಣದ ಅರಮನೆಯಿಂದ ಬಂದುವೆಂದು ಬಹುಕಾಲ ಹೇಳುತ್ತ ಬಂದರು. ಕೆಲಸದ ರೀತಿಯನ್ನು ನೋಡಿದವರು ಇವು ಬಂಗಾಳದ ಮುರ್ಷಿದಾಬಾದಿನವೆಂದು ಗುರುತಿಸಿದ್ದಾರೆ. ಟಿಪ್ಪುವಿನ ಹೆಸರನ್ನು ಕಟ್ಟಿದರೆ ಬೆಲೆಯು ಏರುವುದರಿಂದ ವ್ಯಾಪಾರಿಗಳು ಇಂತಹ ಕಥೆಗಳನ್ನು ಬಿಡಲಾರರು. ಶ್ರೀರಂಗಪಟ್ಟಣದ ಸುತ್ತಿನ ಮನೆಗಳಲ್ಲಿರುವ ಹಳೆಯ ಕುರ್ಚಿಗಳ ವಿಷಯದಲ್ಲಿಯೂ ಸಂಶೋಧಕರು ಇದೇ ಎಚ್ಚರಿಕೆಯಿಂದಿರಬೇಕು. ಚಿತ್ರಗಳ ಸಾಕ್ಷ್ಯವನ್ನೂ ಪೂರ್ತಿಯಾಗಿ ನಂಬುವಂತಿಲ್ಲ. 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರಿನ ಕಾಳಗವೂ, ಮೂಡಣ ಗೋಡೆಯಲ್ಲಿ ಅನೇಕ ಅರಸರ ಆಸ್ಥಾನಗಳೂ ಚಿತ್ರಿತವಾಗಿವೆ. ಕಾಳಗದ ನಡುವೆ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿಯನ್ನು ನೋಡಿದವರೆಲ್ಲ ಬಲ್ಲರು. ಆದರೆ ಈ ಚಿತ್ರಗಳನ್ನು ಮುತ್ತಿಗೆಗೆ ಮುಂಚೆ ಅಳಿಸಿದ್ದರು. ಅಲ್ಲಿ ವಾಸಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಮತ್ತೆ ಬರೆಯಿಸಿದನು. ಪುನಃ ಸುಣ್ಣದಡಿಯಲ್ಲಿ ಮುಚ್ಚಿಹೋದ ಮೇಲೆ ಡಾಲ್‌ಹೌಸಿಯ ಅಪ್ಪಣೆಯಿಂದ ಮೂರನೆಯ ಸಲ ಬರೆದರು. ಆದಕಾರಣ ಅಲ್ಲಿ ಕಾಣುವ ಆಸನದ ಕಾಲೊಂದರ ತಿರುವನ್ನು ಹಿಡಿದು 1784ರ ಮರಗೆಲಸದ ಮೇಲೆ ಸಿದ್ಧಾಂತವನ್ನು ಕಟ್ಟುವುದು ಮರಳಿನ ಮೇಲೆ ಮನೆಯನ್ನು ಕಟ್ಟಿದಂತೆ.

ಹಾಗಾದರೆ ಕುರ್ಚಿಯಲ್ಲಿ ನಿಜವಾಗಿ ಹೊಸದಾದುದು ಯಾವುದು? ಹೆಸರು ಹೊರಗಿನದು. ಕುರ್ಸಿ ಎಂಬ ಅರಬ್ಬೀ ಶಬ್ದವು ಪಾರಸೀ, ಹಿಂದೂಸ್ಥಾನಿಗಳ ಮೂಲಕ ಕನ್ನಡಕ್ಕೆ ಬಂದು ಕುರ್ಚಿಯಾಯಿತು. ನಮ್ಮಲ್ಲಿ ಮಣೆ, ಪೀಠ, ಗದ್ದುಗೆ, ಹಸೆ, ಜಗಲಿ, ವೇತ್ರಾಸನ ಮೊದಲಾದ ಮಾತುಗಳು ಮೊದಲೇ ಇದ್ದುವು. ಕಲ್ಯಾಣದ ಚಾಳುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳನ್ನು ಎಣಿಸುವಾಗ ಆಸನೋಪಭೋಗಕ್ಕೆ ಬೇರೆಯೇ ಸ್ಥಾನವನ್ನು ಕೊಟ್ಟಿದ್ದಾನೆ. ಹೊಸದಾದುದು ಆಸನವಲ್ಲ, ಕೂರುವ ಭಂಗಿ. ಕೃಷ್ಣರಾಜಪೇಟೆಯ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣನ ಗುಡಿಯೇ ಮೊದಲಾದ ಹೊಯ್ಸಳ ದೇವಾಲಯಗಳ ಮೂರ್ತಿಗಳನ್ನು ನೋಡಿದವರಿಗೆ ಲಲಿತಾಸನವು ಪರಿಚಿತವಾದುದೇ: ಒಂದು ಕಾಲು ಪೀಠದ ಮೇಲೆ ಮಡಿಸಿದೆ, ಇನ್ನೊಂದು ಕೆಳಗೆ ಇಳಿಬಿದ್ದಿದೆ. ಇಂತಹ ಭಂಗಿಗೆ ಪೀಠವು ಅಗಲವಾಗಿರಬೇಕು, ತೋಳುಗಳ ಅಡ್ಡಿ ಇರಬಾರದು. ಮೇಜಿನ ಮುಂದಣ ಕುರ್ಚಿಯಾದರೋ ಎರಡು ಕಾಲನ್ನೂ ಕೆಳಗಿಡಬೇಕೆಂದು ವಿಧಿಸುತ್ತದೆ. ಐತರೇಯದ ಆಸಂದಿಯ ಎತ್ತರವು ಒಂದು ಚೋಟು. ಡೆನ್ಮಾರ್ಕಿನ ಊಟದ ಕುರ್ಚಿಯ ಎತ್ತರವು 44 ಇಲ್ಲವೆ 45 ಸೆಂಟಿಮೀಟರು, ಎಂದರೆ ಸುಮಾರು ಒಂದು ಮೊಳ. ಚೋಟಿಗೂ ಮೊಳಕ್ಕೂ ನಡುವಣ ಈ ಅಂತರದಲ್ಲಿಯೇ ಎರಡು ಬಗೆಯ ಸಂಸಾರಗಳು ಅಡಗಿವೆ. ಒಂದರಲ್ಲಿ ಎಲೆಯು ನೆಲದ ಮೇಲೆ, ಮಣೆಯು ಎರಡು ಬೆರಳಿನ ಎತ್ತರ, ಎತ್ತರದ ಆಸನವು ಅರಸನಿಗೋ ಗುರುವಿಗೋ ದೇವರಿಗೋ ಮೀಸಲು. ಇನ್ನೊಂದರಲ್ಲಿ ಮೇಜಿನ ಸುತ್ತ ಕುಳಿತವರೆಲ್ಲರೂ ಒಂದೇ ಎತ್ತರದವರು. ಮದುವೆಯ ದಿನ ಮಾತ್ರ ನಮ್ಮಲ್ಲಿ ಯಾವ ಬಡವನ ಮಗನೂ ಹಸೆಮಣೆಯೇರಿ ಒಂದು ದಿನದ ಅರಸನಾಗುತ್ತಿದ್ದನು.

ತೊಗಲಿನ ವಿಷಯದಲ್ಲಿ ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಇಲ್ಲಿ ಮೈಲಿಗೆಯ ಪ್ರಶ್ನೆಯು ಅಡ್ಡಬರುತ್ತದೆ. ಜಿಂಕೆಯ ಚರ್ಮವೂ ಹುಲಿಯ ಚರ್ಮವೂ ಶುದ್ಧವೆಂದು ಜಪಕ್ಕೆ ಕುಳಿತುಕೊಳ್ಳುವವರು, ಎತ್ತಿನ ತೊಗಲನ್ನು ಬಿಗಿದ ಕುರ್ಚಿಯನ್ನು ಒಳಮನೆಗೆ ಸೇರಿಸುತ್ತಿರಲಿಲ್ಲ. ಆದರೆ ಗೃಹ್ಯಸೂತ್ರಗಳಲ್ಲಿ ಹೊಸದಾಗಿ ಮನೆಯನ್ನು ಹೊಕ್ಕ ವಧುವನ್ನು ಕುಳ್ಳಿರಿಸುವುದು ಎತ್ತಿನ ಚರ್ಮದ ಮೇಲೆಯೇ. ಆದುದರಿಂದ ಈ ಭೇದವು ಮೊದಲಿನಿಂದ ಬಂದುದಲ್ಲ. ತೊಗಲಿನ ಜಾತಿಗಿಂತ ತೊಗಲನ್ನು ಹದಮಾಡುವವರ ಜಾತಿಯೇ ಇದಕ್ಕೆ ಹೆಚ್ಚು ಕಾರಣವೆಂದು ತೋರುತ್ತದೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ನನು ಮಾದಿಗರು ಚರ್ಮವನ್ನು ಹದಮಾಡುತ್ತಿದ್ದ ಕ್ರಮವನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಕುರಿ ಮೇಕೆಗಳ ತೊಗಲಿಗೆ ಎಕ್ಕದ ಹಾಲನ್ನೂ ಉಪ್ಪನ್ನೂ ರಾಗಿಯ ಅಂಬಲಿಯೊಡನೆ ಕಲಸಿ ತಿಕ್ಕಿ ಬಿಸಿಲಿಗೆ ಹಾಕುವರು; ಎತ್ತು ಎಮ್ಮೆಗಳ ದಪ್ಪನಾದ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು ಕೂದಲನ್ನು ತೆಗೆದು ತಂಗಡಿಯ ತೊಗಟೆಯ ಪುಡಿಯಿಂದ ಹದಕ್ಕೆ ತರುವರು. ಎಕ್ಕ, ರಾಗಿ, ತಂಗಡಿ: ಮೂರೂ ಈ ಬಯಲುಸೀಮೆಯಲ್ಲಿ ಕಾಲಿಟ್ಟಲ್ಲಿ ದೊರೆಯುವ ವಸ್ತುಗಳು. ಬಾವಿಯ ಕಪಿಲೆಯ ಚೀಲ, ಎತ್ತಿನ ಮಿಣಿ, ಕುದುರೆಯ ಜೀನು, ರೈತನ ಎಕ್ಕಡ, ಇವೆಲ್ಲವೂ ಆ ಕೈಗಳಿಂದಲೇ ಬರುತ್ತಿದ್ದುವು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ, ರಾಮಾನುಜಾಚಾರ್ಯರಿಗೆ ನೆರವಾದರೆಂದು ತಿರುಕುಲದವರೆಂಬ ಗೌರವದ ಹೆಸರನ್ನು ಪಡೆದ ಹೊಲೆಯರಿಗೂ ಮಾದಿಗರಿಗೂ ವರ್ಷದಲ್ಲಿ ಮೂರು ದಿನ ಗುಡಿಯ ಪ್ರವೇಶವಿದ್ದಿತು. ಮೂರು ದಿನ ದೇವರ ಮುಂದೆ ನಿಲ್ಲಬಹುದಾಗಿದ್ದವರು ಮಾಡಿದ ವಸ್ತುವಿನ ಮೇಲೆ ಉಳಿದ ದಿನಗಳಲ್ಲಿ ಕೂರಲು ಹಿಂಜರಿದ ಸಮಾಜದಲ್ಲಿ, ಬೇಕಾದ ಮರವೂ ತೊಗಲೂ ಕುಶಲಿಗಳೂ ಇದ್ದರೂ, ತೊಗಲಿನ ಕುರ್ಚಿಯು ಊರೊಳಗೆ ಬೆಳೆಯದೆ ದಂಡಿನಲ್ಲಿ ಬೆಳೆದುದು ವಿಚಿತ್ರವಲ್ಲ.

ದಂಡಿಗಂತೂ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರ ಪಡೆಯು ಬೀಡುಬಿಟ್ಟಿದ್ದ ಕಾರಣ ಹಿರೋಡೆಯ ಬಂಡೆಗಳಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿದ್ದು ಬಹುಕಾಲ ನಿಂತಿತು. ಇವರ ಬಳಿಕ ಇಂಗ್ಲೀಷರ ದಂಡು ಬಂದಿತು. ಎತ್ತಿನ ಮೇಲೆಯೂ ಆನೆಯ ಮೇಲೆಯೂ ಹೇರಿ ಸಾಗಿಸಬೇಕಾದ ಇಂತಹ ಸೈನ್ಯಗಳ ಅಧಿಕಾರಿಗಳಿಗೆ ಬಿಚ್ಚಿ ಮಡಿಸುವ ಮಂಚ, ಮೇಜು, ಕುರ್ಚಿಗಳು ಬೇಕಾದುವು. ಈ ಸಂಪ್ರದಾಯದ ಕೊನೆಯ ಕೂಸು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರದ ರೂರ್ಕಿಯಲ್ಲಿದ್ದ ಸೈನ್ಯದ ಇಂಜಿನಿಯರುಗಳಿಂದ ಹೆಸರುಪಡೆದ ರೂರ್ಕಿ ಕುರ್ಚಿ. ಅದರಲ್ಲಿ ಮೊಳೆಯಿಲ್ಲ, ಸರೇಸಿಲ್ಲ. ಕಾಲುಗಳ ತೂತುಗಳಲ್ಲಿ ಅಡ್ಡಕೋಲುಗಳನ್ನು ತೂರಿಸಿ ಮೇಲೆ ತೊಗಲನ್ನೋ ಕಿತ್ತಾನನ್ನೋ ಬಿಗಿದರೆ, ಕೂರುವವನ ಭಾರದಿಂದಲೇ ಕೀಲುಗಳು ಗಟ್ಟಿಯಾಗುತ್ತವೆ. ನೆಲವು ಏರುತಗ್ಗಾಗಿದ್ದರೂ ನಾಲ್ಕು ಕಾಲುಗಳೂ ಊರಿಕೊಳ್ಳುತ್ತವೆ. ನವರಾತ್ರಿಯ ಸಿಂಹಾಸನದಲ್ಲಿ ಕಂಡ ಬಿಚ್ಚಿಕಟ್ಟುವ ಗುಣವನ್ನು ಇಲ್ಲಿ ಕಾಣಬಹುದು; ಅಲ್ಲಿ ವೈಭವಕ್ಕಾಗಿ, ಇಲ್ಲಿ ಹೇರಿಗಾಗಿ.

ಭರತಖಂಡದಿಂದ ಡೆನ್ಮಾರ್ಕಿಗೆ ದಾರಿಯು ಇಲ್ಲಿಯೇ ತೆರೆಯುತ್ತದೆ. ಕೋರೆ ಕ್ಲಿಂಟ್ ಎಂಬ ಡೇನಿಷ್ ಶಿಲ್ಪಿಯು ಕೋಪನ್‌ಹೇಗನ್ನಿನ ರಾಜಕೀಯ ಕಲಾಶಾಲೆಯಲ್ಲಿ 1924ರಿಂದ ಮರದ ಸಾಮಾನುಗಳ ವಿದ್ಯೆಯನ್ನು ಕಲಿಸಿದನು. ಹೊಸದನ್ನು ಕಲ್ಪಿಸುವ ಮುನ್ನ ಹಳೆಯದನ್ನು ಅಳೆಯಬೇಕೆಂಬುದು ಅವನ ಮತ. ಬೇರೆ ದೇಶಗಳ ಹಳೆಯ ಆಸನಗಳನ್ನು ಶಿಷ್ಯರು ಅಂಗುಲ ಅಂಗುಲವಾಗಿ ಅಳೆದು ನಕ್ಷೆ ಬರೆಯಬೇಕಾಗಿತ್ತು. ಅವನೇ ಈಜಿಪ್ಟಿನ ಮಡಿಸುವ ಪೀಠವನ್ನು ನೋಡಿ 1930ರಲ್ಲಿ ಒಂದು ಪೀಠವನ್ನೂ, ರೂರ್ಕಿಯ ಕುರ್ಚಿಯನ್ನು ಅನುಸರಿಸಿ 1933ರಲ್ಲಿ ಸಫಾರಿ ಎಂಬ ಕುರ್ಚಿಯನ್ನೂ ಮಾಡಿದನು. ಅವನ ಬಳಿಕ ಬಂದ ವೆಗ್ನರನು ಚೀನದ ಹಳೆಯ ಕುರ್ಚಿಯಿಂದ ಪ್ರಾರಂಭಿಸಿ 1949ರ ಕುರ್ಚಿಗೆ ಬಂದು ಮುಟ್ಟಿದನು. ಡೆನ್ಮಾರ್ಕಿನವರ ಹೊಸತನವೆಂದು ಲೋಕವು ಹೊಗಳಿದ್ದು, ಹೀಗೆ ನೋಡಿದರೆ, ಬಹುಮಟ್ಟಿಗೆ ಇತರರ ಹಳೆಯ ಮರಗೆಲಸವನ್ನು ಗೌರವದಿಂದ ಅಳೆದುದರ ಫಲ. ಚಿನ್ನದ ತಗಡನ್ನಾಗಲಿ ದಂತವನ್ನಾಗಲಿ ಅವರು ಬಯಸಲಿಲ್ಲ. ಓಕ್, ತೇಗ, ನಮ್ಮ ಬೀಟೆಯ ಜಾತಿಗೆ ಸೇರಿದ ಮರಗಳು, ಇವುಗಳ ಎಳೆಯೇ ಕಣ್ಣಿಗೆ ಕಾಣಬೇಕೆಂದರು. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಸುತ್ತಿಗೆಯನ್ನು ಹಿಡಿದವರ ಪಕ್ಕದಲ್ಲಿ ಅಳತೆಯ ಕೋಲನ್ನು ಹಿಡಿದವನೊಬ್ಬನಿದ್ದಿದ್ದರೆ ಎಂದು ಆಸೆಪಡುವುದು ಚರಿತ್ರೆಕಾರನ ಕೆಲಸವಲ್ಲವಾದರೂ, ಆ ಆಸೆಯನ್ನು ತಡೆಯುವುದು ಕಷ್ಟ.

ಈ ಸೀಮೆಯ ಕುಶಲಿಗಳ ಪರಂಪರೆಯು 1799ಕ್ಕೆ ಮುಗಿಯಲಿಲ್ಲ. ಪಾಂಚಾಳರೆನಿಸಿದ ಅಕ್ಕಸಾಲೆ, ಕಂಚುಗಾರ, ಕಮ್ಮಾರ, ಬಡಗಿ, ಕಲ್ಲುಕುಟಿಗರಲ್ಲಿ ನಾಗಮಂಗಲದ ಲೋಹಕಾರರ ಹೆಸರು ಇಂದಿಗೂ ನಿಂತಿದೆ. ದೇವರ ಪ್ರಭಾವಳಿಗಳೂ ಉತ್ಸವಮೂರ್ತಿಗಳೂ ಅಲ್ಲಿಂದ ನಾನಾ ಕಡೆಗೆ ಹೋಗುತ್ತವೆ. ಬಡಗಿಗಳಿಗೆ ಹೊಸ ಯಜಮಾನರು ಬೇರೆ ಕೆಲಸವನ್ನು ಕೊಟ್ಟರು. ಪಟ್ಟಣವನ್ನು ಹಿಡಿದ ಬಳಿಕ ಇಂಗ್ಲೀಷರು ಅಲ್ಲಿ ಫಿರಂಗಿಯ ಗಾಡಿಗಳನ್ನು ಮಾಡುವ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರ ಮೇಲ್ವಿಚಾರಕನಾಗಿದ್ದ ಸ್ಕಾಟ್ ಎಂಬ ಅಧಿಕಾರಿಯ ಬಂಗಲೆಯು ಕಾವೇರಿಯ ದಡದಲ್ಲಿದೆ. ಹೆಂಡತಿಯೂ ಮಕ್ಕಳೂ ವಾಂತಿಭೇದಿಯಿಂದ ಒಮ್ಮೆಗೇ ತೀರಿಕೊಳ್ಳಲು ಆತನು ಮನೆಯನ್ನು ಸಾಮಾನುಗಳೊಡನೆ ಹಾಗೆಯೇ ಬಿಟ್ಟು ಹೊರಟುಹೋದನೆಂದೂ, ಕುರ್ಚಿಮಂಚಗಳು ಇದ್ದಲ್ಲಿಯೇ ಇದ್ದು ಜೀರ್ಣವಾದುವೆಂದೂ ಜನರು ಕಥೆ ಹೇಳುತ್ತಾರೆ.

ಟಿಪ್ಪುವಿನ ಅರಮನೆಗಳು ಬಹುಮಟ್ಟಿಗೆ ಮರದ ಕಂಬ ತೊಲೆಗಳ ಕಟ್ಟಡಗಳಾಗಿದ್ದುವು. ಕೋಟೆಯೊಳಗಿನದೂ ಲಾಲ್‌ಬಾಗಿನದೂ ಎರಡೂ ನೆಲಸಮವಾದುವು. ಲಾಲ್‌ಬಾಗಿನ ಅರಮನೆಯ ದೊಡ್ಡ ತೊಲೆಗಳನ್ನು ನೀಲಗಿರಿಯ ಘಟ್ಟವನ್ನು ಹತ್ತಿಸಿ ಉದಕಮಂಡಲಕ್ಕೆ ಸಾಗಿಸಿದರು. ಅಲ್ಲಿ 1829ರಲ್ಲಿ ಅಸ್ತಿಭಾರವನ್ನು ಹಾಕಿ 1831ರಲ್ಲಿ ಪ್ರಾರ್ಥನೆಗೆ ತೆರೆದ ಸಂತ ಸ್ಟೀಫನ್ನನ ಚರ್ಚಿನ ಮಾಡನ್ನು ಶ್ರೀರಂಗಪಟ್ಟಣದ ಆ ಮರವು ಹೊತ್ತು ನಿಂತಿದೆ.